ಬದುಕಿದ್ದ ಈರಣ್ಣನ ಫೋಟೋಕ್ಕೆ ಹಾರ

೨೦೧೮ರಲ್ಲಿ ನಾನು ರಾಯಚೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಪತ್ರಿಕೋದ್ಯಮದ ಕೊನೆಯ ವರ್ಷದ ವಿದ್ಯಾರ್ಥಿಯಾಗಿದ್ದೆ. ಇಂದು ಕಿರುಚಿತ್ರ, ಸಾಕ್ಷ್ಯಚಿತ್ರ ಮಾಡುವುದೇ ನನ್ನ ಹೊಟ್ಟೆಪಾಡು. ಆಗ ನನ್ನ ಬಳಿ ಇದ್ದದ್ದು ಒಂದು ಮೊಬೈಲು, ಎರವಲು ತಂದ ಒಂದು ಟ್ರೈಪಾಡು ಮತ್ತು ಊರಿಗೆಲ್ಲ ಸಾಲುವಷ್ಟು ಹುಮ್ಮಸ್ಸು. ಕಾಲೇಜಿನ ಕಿರುಚಿತ್ರ ಸ್ಪರ್ಧೆಗೆಂದು ತಂಡ ಕಟ್ಟಿದಾಗ ಗೆಳೆಯರು ಬಹಳ ಜನ ಕೈ ಎತ್ತಿದ್ದರು. ಪರೀಕ್ಷೆ ಹತ್ತಿರ ಬಂದಂತೆ ಒಬ್ಬೊಬ್ಬರಾಗಿ ಜಾರಿಕೊಂಡರು. ಉಳಿದವರು ನಾನು ಮತ್ತು ಮಾನ್ವಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ಸಹಪಾಠಿ ರೇಣುಕಾ. ಅವಳು ನಟಿ, ಮಿಕ್ಕದ್ದೆಲ್ಲ ನಾನು.

ಕಥೆ ಸರಳವಾಗಿತ್ತು. ಅಪ್ಪ ತೀರಿಹೋದ ಮೇಲೆ ಮಗಳು ಅವನ ಫೋಟೋದ ಮುಂದೆ ಕುಳಿತು ಆ ದಿನದ ಸುದ್ದಿ ಹೇಳುತ್ತಾಳೆ, ಅಷ್ಟೇ. ಜಾಗಕ್ಕಾಗಿ ದೇವದುರ್ಗದಲ್ಲಿ ರೇಣುಕಾಳ ಅತ್ತೆಯ ಖಾಲಿ ಮನೆ ಸಿಕ್ಕಿತು. ಸಿಗದೇ ಹೋದದ್ದು ಅಪ್ಪನ ಫೋಟೋ. ಸಿನಿಮಾದವರು ದೃಶ್ಯದಲ್ಲಿ ಕಾಣುವ ಸಾಮಾನಿಗೆ ಪ್ರಾಪರ್ಟಿ ಎನ್ನುತ್ತಾರೆ. ಕುರ್ಚಿ, ಕೊಡ, ಕಂದೀಲು ಎಲ್ಲವನ್ನೂ ಬೇಡಿ ತರಬಹುದು. ಹಾರ ಹಾಕಲು ಬದುಕಿದ್ದವರ ಫೋಟೋ ಬೇಡುವುದು ಹೇಗೆ?

ಬಾಗಲವಾಡದ ನಮ್ಮ ಮನೆಗೆ ಹೋಗಿ ಅಪ್ಪನ ಫೋಟೋಕ್ಕೇ ಕೈ ಹಾಕಿದೆ. ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು. "ಯಾಕಲೇ, ನಿಮ್ಮಪ್ಪ ಇನ್ನಾ ಉಣ್ಣಾಕ ಕುಂತಾನ, ಈಗs ಹಾರ ಹಾಕ್ತೀಯಾ?" ಎಂದು ಫೋಟೋ ಕಿತ್ತುಕೊಂಡಳು. ನಿಜವಾಗಿ ತೀರಿಹೋದವರ ಮನೆಗಳಲ್ಲಿ ಕೇಳಿದರೆ, ಪೂಜೆಯ ಫೋಟೋ ಹೊಸ್ತಿಲು ದಾಟುವುದಿಲ್ಲ ಎಂದರು.

ಕೊನೆಗೆ ದೇವದುರ್ಗದ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿದ್ದ ಈರಣ್ಣನ ಫೋಟೋ ಸ್ಟುಡಿಯೋಕ್ಕೆ ಹೋದೆ. ಈರಣ್ಣ ಅರವತ್ತು ದಾಟಿದ ಮನುಷ್ಯ, ಮದುವೆಯಾದವನಲ್ಲ. ಊರಿನಲ್ಲಿ ಯಾರೇ ತೀರಿಕೊಂಡರೂ ಅವರ ಸಣ್ಣ ಫೋಟೋ ದೊಡ್ಡದು ಮಾಡಿಸಲು ಜನ ಅವನ ಬಳಿಗೇ ಬರುತ್ತಿದ್ದರು. ಯಾರೂ ಒಯ್ಯದೆ ಬಿಟ್ಟ ಹಳೆಯ ಫೋಟೋ ಇದ್ದರೆ ಕೊಡಿ ಎಂದು ಕೇಳಿದೆ.

"ಅದಾವ. ಆದ್ರ ಅವು ಯಾರ್ಯಾರೋ ಅಪ್ಪಗೋಳು, ಕೊಡಾಕ ಬರಂಗಿಲ್ಲ," ಎಂದ. ಆಮೇಲೆ ತನ್ನ ಕಡೆಗೇ ಬೆರಳು ಮಾಡಿ, "ನಂದs ತಗೋ ತಮ್ಮಾ. ನಾ ಸತ್ರ ಹಾರ ಹಾಕಾವ್ರು ಯಾರದಾರ? ಅಳಾವ್ರು ಯಾರದಾರ? ಹೆಂಗ ಕಾಣ್ತದ ಅಂತ ಒಮ್ಮಿ ನೋಡೇ ಬಿಡ್ತೀನಿ," ಎಂದು ನಕ್ಕ.

ನನಗೆ ನಗು ಬರಲಿಲ್ಲ. ಯಾರೂ ಇಲ್ಲವೇ ಎಂದು ಕೇಳಿದೆ. ಗಿಲ್ಲೆಸುಗೂರಿನಲ್ಲಿ ತಂಗಿ ಇದ್ದಾಳೆ, ಮಾತು ಬಿಟ್ಟು ಬಹಳ ವರ್ಷವಾಯಿತು ಎಂದ. ತಂಗಿಯ ಮಗಳ ಮದುವೆಯ ದಿನವೇ ಬೇರೆಯವರ ಮದುವೆಗೆ ಫೋಟೋ ತೆಗೆಯಲು ಒಪ್ಪಿಕೊಂಡು ಹೋಗಿದ್ದನಂತೆ. ಸೋದರಮಾವನಿಲ್ಲದೆಯೇ ಆ ಹುಡುಗಿಯ ತಲೆಗೆ ಮದುವೆಯ ಅಕ್ಕಿಕಾಳು ಬಿತ್ತು. ತಂಗಿ ಅದನ್ನು ಇಂದಿಗೂ ಮರೆತಿಲ್ಲ.

ಅವನ ಫೋಟೋವನ್ನು ಅವನದೇ ಕ್ಯಾಮೆರಾದಲ್ಲಿ ನಾನು ತೆಗೆದೆ. ಊರಿನವರನ್ನೆಲ್ಲ ಕೂರಿಸಿದ ಸ್ಟೂಲಿನ ಮೇಲೆ ಕುಳಿತು, "ಗದ್ದ ಎತ್ರಿ, ಭುಜ ಬಿಡ್ರಿ," ಎಂದು ತನಗೆ ತಾನೇ ಹೇಳಿಕೊಂಡ. ಆದರೂ ಭುಜ ಬಿಗಿಯಾಗಿಯೇ ಇತ್ತು.

ಶೂಟಿಂಗ್ ದಿನ ಈರಣ್ಣ ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದು ಬಾಗಿಲ ಬಳಿ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ನಾನು ಫೋಟೋದ ಗಾಜಿಗೆ ವಿಭೂತಿ ಹಚ್ಚಿ ಗಂಧದ ಹಾರ ಹಾಕಿದೆ. ರೇಣುಕಾ ಅದರ ಮುಂದೆ ಕುಳಿತು, "ಯಪ್ಪಾ, ಇವತ್ತು ಮನಿ ಭಾಳ ದೊಡ್ಡದು ಅನಸಾಕತ್ತದ," ಎಂದು ಬರೆದುಕೊಟ್ಟ ಮಾತು ಹೇಳಿ ಅತ್ತಳು. ನಾನು ಕಟ್ ಎಂದು ಹಿಂತಿರುಗಿದಾಗ ಈರಣ್ಣ ಗೋಡೆಯ ಕಡೆ ಮುಖ ಮಾಡಿದ್ದ. ರೇಣುಕಾ ತಾನೇ ಎದ್ದು ಹಾರ ತೆಗೆದಳು. ನಮ್ಮ ಚಹಾಕ್ಕೆಂದು ತಂದಿದ್ದ ಸಕ್ಕರೆ ತೆಗೆದು, "ಬಾಯಿ ತೆರೀರಿ ಕಾಕಾ. ನೀವು ನೂರು ವರ್ಷ ಇರ್ತೀರಿ," ಎಂದು ಅವನ ಬಾಯಿಗೆ ಹಾಕಿದಳು.

ಚಿತ್ರಕ್ಕೆ ಬಹುಮಾನ ಬರಲಿಲ್ಲ. ರಾಯಚೂರಿನ ನನ್ನ ಬಾಡಿಗೆ ಕೋಣೆಯಲ್ಲಿ ಎಡಿಟಿಂಗ್ ಮಾಡುವಾಗ ದಿನವಿಡೀ ನನಗೆ ಜೊತೆಯಿದ್ದದ್ದು ಬಿಗಿ ಭುಜದ ಈರಣ್ಣನ ಆ ಫೋಟೋ ಒಂದೇ. ಗೆಳೆಯರು ಯಾರೂ ಬರುತ್ತಿರಲಿಲ್ಲ. ಒಂಟಿತನ ಎಂದರೇನೆಂದು ಕಥೆ ಬರೆದಾಗ ನನಗೆ ಗೊತ್ತಿರಲಿಲ್ಲ, ಎಡಿಟಿಂಗ್ ಮುಗಿಯುವಷ್ಟರಲ್ಲಿ ಚೆನ್ನಾಗಿ ಗೊತ್ತಾಗಿತ್ತು. ಯಾರಾದರೂ ನೋಡಲಿ ಎಂದು ಚಿತ್ರವನ್ನು ನೆಟ್‌ಗೆ ಹಾಕಿದೆ.

ಯಾರೋ ಪುಣ್ಯಾತ್ಮರು ಅದರಲ್ಲಿನ ಹಾರ ಹಾಕಿದ ಫೋಟೋವನ್ನಷ್ಟೇ ಕತ್ತರಿಸಿ, ಕೆಳಗೆ 'ಭಾವಪೂರ್ಣ ಶ್ರದ್ಧಾಂಜಲಿ' ಎಂದು ಬರೆದು ಮೊಬೈಲ್ ಗ್ರೂಪಿಗೆ ಬಿಟ್ಟರು. ಗ್ರೂಪಿನಿಂದ ಗ್ರೂಪಿಗೆ ಹಾರಿ ಅದು ನನಗೂ ಬಂತು. ಈರಣ್ಣನ ಫೋಟೋವನ್ನು ಚೀಲಕ್ಕೆ ಹಾಕಿಕೊಂಡು, ಕಾಲಿಗೆ ಬಿದ್ದಾದರೂ ಕ್ಷಮೆ ಕೇಳೋಣ ಎಂದು ದೇವದುರ್ಗದ ಬಸ್ಸು ಹತ್ತಿದೆ.

ಈರಣ್ಣ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತ ಕುಳಿತಿದ್ದ. ನಾನು ಬಾಯಿ ತೆರೆಯುವ ಮೊದಲೇ, "ನಿನ್ನೆ ತಂಗಿ ಬಂದಿದ್ಳು," ಎಂದ.

ಸುದ್ದಿ ನೋಡಿದವಳೇ ಬಸ್ಸು ಹತ್ತಿದ್ದಳಂತೆ. ಓಣಿಯ ತುದಿಯಿಂದಲೇ 'ಅಣ್ಣಾ' ಎಂದು ಎದೆ ಬಡಿದುಕೊಂಡು ಬಂದಳಂತೆ. ಒಳಗೆ ಬಂದು ನೋಡಿದರೆ ಅಣ್ಣ ಕತ್ತರಿ ಹಿಡಿದು ಕುಳಿತಿದ್ದಾನೆ. ತಂದ ಹೂವಿನ ಹಾರದಿಂದಲೇ ಅವನನ್ನು ಬಡಿದಳಂತೆ. ಓಣಿಯವರೆಲ್ಲ ನೆರೆಯುವಂತೆ ಬೈದಳಂತೆ.

"ಆಮ್ಯಾಲ?" ಎಂದೆ.

"ಆಮ್ಯಾಲೇನು? 'ಸತ್ತಿಲ್ಲಲ್ಲ, ಹಂಗಾರ ನಿನ್ನ ಕೂಡ ನನಗ ಮಾತಿಲ್ಲ' ಅಂದ್ಳು. ಚಾನೂ ಕುಡೀಲಿಲ್ಲ. ಬಸ್‌ಸ್ಟ್ಯಾಂಡಿಗೆ ನಡೆದುಬಿಟ್ಳು. ತಿರುಗಿ ಸೈತ ನೋಡ್ಲಿಲ್ಲ."

ಚಿತ್ರವನ್ನು ಇವತ್ತೇ ತೆಗೆದುಬಿಡುತ್ತೇನೆ ಎಂದೆ.

"ತಗೀಬ್ಯಾಡ," ಎಂದ. ಅವನ ಕಣ್ಣು ತುಂಬಿತ್ತು. "ಅಕಿ ಅಳೋದು ಈ ಕಿವೀಲೆ ಕೇಳಿದೆ ತಮ್ಮಾ. ಸತ್ತಾವ್ರಿಗೆ ಅದು ಸಿಗಂಗಿಲ್ಲ, ನನಗ ಸಿಕ್ತು."

ನಾನು ತಂದಿದ್ದ ಫೋಟೋವನ್ನು ತೆಗೆದುಕೊಂಡು, ವಿಭೂತಿ ಒರೆಸಿ, ಓಣಿಗೆ ಕಾಣುವ ಹಾಗೆ ಬಾಗಿಲ ಪಕ್ಕದ ಗೋಡೆಗೆ ತೂಗುಹಾಕಿದ. ಹಾರವಿಲ್ಲದೆ ಅದು ಮಾಮೂಲಿ ಫೋಟೋ ಆಯಿತು. ತಂಗಿ ಮತ್ತೊಮ್ಮೆ ಬಂದರೆ, ಅಣ್ಣ ಬದುಕಿದ್ದಾನೆ ಎಂದು ದೂರದಿಂದಲೇ ಗೊತ್ತಾಗಲಿ ಎಂದ. ನಾನು ಓದು ಮುಗಿಸಿ ಕೊನೆಯ ಸಲ ಅವನನ್ನು ಕಾಣಲು ಹೋಗುವವರೆಗೆ ಅವಳು ಬಂದಿರಲಿಲ್ಲ.

ನಾವು ಕ್ಯಾಮೆರಾದ ಮುಂದೆ ಇಟ್ಟದ್ದು ಸುಳ್ಳು ಎಂದು ನಮಗೆ ಗೊತ್ತಿರುತ್ತದೆ. ನೋಡುವವರಲ್ಲಿ ಯಾರೋ ಒಬ್ಬರಿಗೆ ಅದು ಸ್ವಂತ ಮನೆಯ ಸುದ್ದಿಯಾಗಿರಬಹುದು. ಈ ಕೆಲಸ ನನಗೆ ಕಲಿಸಿದ್ದು ಅಷ್ಟು. ಇಂದಿಗೂ ನನ್ನ ಸೆಟ್ಟಿನಲ್ಲಿ ಹಾರದ ಫೋಟೋ ಇದ್ದರೆ, ಆ ಮನುಷ್ಯನ ಬಾಯಿಗೆ ಸಕ್ಕರೆ ಹಾಕಿಸಿ, ಅವನ ಮನೆಗೆ ನಾನೇ ಫೋನ್ ಮಾಡಿ, ಚೆನ್ನಾಗಿದ್ದಾರೆ ಎಂದು ತಿಳಿಸುತ್ತೇನೆ. ಕೆಲವರು, ಹಾಗೆ ತಿಳಿಸಬೇಕಾದವರು ತಮಗೆ ಯಾರೂ ಇಲ್ಲ ಎನ್ನುತ್ತಾರೆ. ಅವರನ್ನು ಇನ್ನೊಂದು ಸಲ ಕೇಳುತ್ತೇನೆ: "ಅಕ್ಕ, ತಂಗಿ ಯಾರೂ ಇಲ್ಲೇನ್ರೀ?"