‘ಗೊತ್ತಿಲ್ಲ ಮೇಷ್ಟ್ರು’ ಮತ್ತು ಹೊಲಿಗೆಯಮ್ಮನ ಪ್ರಶ್ನೆ

ಪೂರ್ವಜನ್ಮದ ನೆನಪು ಹೇಳುವ ಮಕ್ಕಳ ಮಾತೆತ್ತಿದರೆ ಸಾಕು, ಜನ ಎರಡು ಪಂಗಡವಾಗುತ್ತಾರೆ. ಒಂದು ಪಂಗಡ ಪೂರ್ತಿ ಕೇಳುವ ಮೊದಲೇ ಕೈ ಮುಗಿಯುತ್ತದೆ, ಇನ್ನೊಂದು ಪೂರ್ತಿ ಕೇಳುವ ಮೊದಲೇ ನಗುತ್ತದೆ. ಇವೆರಡರ ನಡುವೆ ಜಾಗ ಮಾಡಿಕೊಂಡು, ಮಗು ಹೇಳುವಷ್ಟನ್ನೂ ಕೊನೆಯವರೆಗೆ ಕೇಳಿಸಿಕೊಳ್ಳುತ್ತ ತಮ್ಮ ಸೇವಾವಧಿಯನ್ನೇ ಸವೆಸಿದವರು, ಈಚೆಗೆ ನಿವೃತ್ತರಾದ ನಮ್ಮ ಮನಶ್ಶಾಸ್ತ್ರ ವಿಭಾಗದ ಹಿರಿಯ ಪ್ರಾಧ್ಯಾಪಕರು. ಪುನರ್ಜನ್ಮ ಉಂಟೋ ಇಲ್ಲವೋ ಎಂದು ಯಾರೇ ಕೇಳಲಿ, ಅವರದು ಒಂದೇ ಉತ್ತರ. ಹಾಗಾಗಿ ವಿದ್ಯಾರ್ಥಿಗಳು ಪ್ರೀತಿಯಿಂದಲೂ ತುಸು ಕುಚೇಷ್ಟೆಯಿಂದಲೂ ಅವರಿಗಿಟ್ಟ ಹೆಸರು ‘ಗೊತ್ತಿಲ್ಲ ಮೇಷ್ಟ್ರು’.

ಮೆಟ್ಟಿಲ ಪಕ್ಕದ ಇಕ್ಕಟ್ಟಾದ ಕೋಣೆಯಲ್ಲಿ ಉಪನ್ಯಾಸಕರಾಗಿ ಆರಂಭಿಸಿದ ಅವರು, ಮಗುವಿನೆದುರು ಎಂದೂ ಕುರ್ಚಿಯಲ್ಲಿ ಕೂತವರಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮುರಿದ ಆಟಿಕೆಯೊಂದನ್ನು ರಿಪೇರಿ ಮಾಡುತ್ತ, ಮಗು ಮಾತು ನಿಲ್ಲಿಸಿದಾಗ ‘ಆಮೇಲೆ?’ ಎನ್ನುವರು. ಅದಕ್ಕಿಂತ ಹೆಚ್ಚಿನ ಪ್ರಶ್ನೆ ಮಗುವಿನ ಬಾಯಿಗೆ ನಮ್ಮ ಮಾತನ್ನು ತುರುಕುತ್ತದೆ ಎಂಬುದು ಅವರ ನಂಬಿಕೆ. ಸಂಶೋಧಕಿಯೊಬ್ಬಳು ಆತುರದಲ್ಲಿ ‘ನಿಮ್ಮನೆ ಗೋಡೆ ಹಸಿರಾಗಿತ್ತಾ ಪುಟ್ಟಾ?’ ಎಂದು ಕೇಳಿ ಇಡೀ ಧ್ವನಿಮುದ್ರಣವನ್ನೇ ಕೆಡಿಸಿಕೊಂಡಾಗ, ಮೇಷ್ಟ್ರು ಗದರಲಿಲ್ಲ. ಅವಳಿಗೆ ಕಾಫಿ ಕೊಡಿಸಿ, ತಾವು ಕೆಡಿಸಿದ ಧ್ವನಿಮುದ್ರಣಗಳ ಕಥೆ ಹೇಳಿ ನಗಿಸಿ ಕಳಿಸಿದರು.

ಅವರ ಹೆಸರು ಹೊರಗೆ ಕೇಳಿಬರತೊಡಗಿದ ಕಾಲದಲ್ಲಿ, ಔಷಧಿ ಅಂಗಡಿಯವರ ನಾಲ್ಕು ವರ್ಷದ ಮಗಳು ‘ಇದು ನನ್ನ ಮನೆಯಲ್ಲ’ ಎಂದು ಹಟ ಹಿಡಿದಳು. ತನ್ನ ಅಮ್ಮ ಫ್ರಾಕು ಹೊಲಿಯುತ್ತಾಳೆ, ಬಾಗಿಲ ಮೆಟ್ಟಿಲು ಒಡೆದಿದೆ, ತಾನು ಜ್ವರ ಬಂದು ಸತ್ತೆ ಎಂದಳು. ಊರಿನ ಇನ್ನೊಂದು ತುದಿಯಲ್ಲಿ, ಒಬ್ಬಳೇ ಮಗಳನ್ನು ಜ್ವರಕ್ಕೆ ಕಳೆದುಕೊಂಡು ಒಂಟಿಯಾಗಿದ್ದ ಹೊಲಿಗೆಯಮ್ಮ ಸಿಕ್ಕರು. ಅವರ ಮನೆ ಮೆಟ್ಟಿಲೂ ಒಡೆದಿತ್ತು. ಮೇಷ್ಟ್ರು ಹೊಂದಿದ್ದನ್ನೂ ಬರೆದುಕೊಂಡರು, ಹೊಂದದ್ದನ್ನೂ ಬರೆದುಕೊಂಡರು. ಹೊಲಿಗೆಯಮ್ಮ ಮಗಳಿಗೆ ಔಷಧಿ ತಂದದ್ದು ಅದೇ ಅಂಗಡಿಯಿಂದ, ಆ ಮಾತು ಹುಡುಗಿಯ ಕಿವಿಗೆ ಬಿದ್ದಿರಬಹುದು ಎಂಬುದನ್ನೂ ಬಿಡಲಿಲ್ಲ. ಹುಡುಗಿಯಂತೂ ‘ಅಮ್ಮಾ’ ಎಂದು ಓಡಿಹೋಗಿ ಹೊಲಿಗೆಯಮ್ಮನ ಮಡಿಲೇರಿದಳು.

“ಹೇಳಿ ಸಾರ್, ಇವಳು ನನ್ನ ಮಗಳೇ ಅಲ್ವಾ?”

“ಗೊತ್ತಿಲ್ಲಮ್ಮ.”

“ಇಷ್ಟೆಲ್ಲಾ ಓದಿದೀರಿ, ಇಷ್ಟೂ ಗೊತ್ತಾಗಲ್ವಾ?”

‘ಹೌದು’ ಎಂದಿದ್ದರೆ ಆ ತಾಯಿಯ ಎದೆ ತಣ್ಣಗಾಗುತ್ತಿತ್ತು, ಮೇಷ್ಟ್ರ ಕೀರ್ತಿಯೂ ಬೆಳೆಯುತ್ತಿತ್ತು. ಆದರೆ ಬಾಗಿಲಲ್ಲಿ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಹುಡುಗಿಯ ಹೆತ್ತಮ್ಮನನ್ನು ಅವರು ನೋಡಿದ್ದರು. ಗೊತ್ತಿಲ್ಲದ್ದನ್ನು ಗೊತ್ತೆನ್ನಲು ಅವರಿಂದ ಆಗಲಿಲ್ಲ.

ಇಂಥ ನೆನಪುಗಳು ಮಕ್ಕಳು ಬೆಳೆದಂತೆ ಸಾಮಾನ್ಯವಾಗಿ ಮಾಸಿಹೋಗುತ್ತವೆ. ಅಲ್ಲಿಗೆ ಸಂಶೋಧಕರು ಕಡತ ಮುಚ್ಚುತ್ತಾರೆ. ವಾರಕ್ಕೊಮ್ಮೆ ಹೊಲಿಗೆಯಮ್ಮನಲ್ಲಿಗೆ ಹೋಗಿಬರುತ್ತಿದ್ದ ಹುಡುಗಿ, ಎಂಟನೇ ವರ್ಷದಲ್ಲಿ ಒಂದು ದಿನ ಹೊಸ್ತಿಲಾಚೆಯೇ ನಿಂತು ‘ಆಂಟಿ, ನೀರು ಕೊಡ್ತೀರಾ?’ ಎಂದಳು. ಬರುವುದೂ ನಿಂತಿತು. ಹೊಲಿಗೆಯಮ್ಮ ಮೇಷ್ಟ್ರ ಕೋಣೆಗೇ ಬಂದು ಕೂತರು.

“ಒಂದ್ಸಲ ಕಳ್ಕೊಂಡಿದ್ದೆ. ಈಗ ಎರಡನೇ ಸಲ ಕಳ್ಕೊಂಡೆ ಸಾರ್. ಈ ಸಲ ಅಳೋಕೂ ಹಕ್ಕಿಲ್ಲ, ಹುಡುಗಿ ಚೆನ್ನಾಗೇ ಇದಾಳೆ.”

ಮರುದಿನವೇ ಮೇಷ್ಟ್ರು ಅಂಗಿಬಟ್ಟೆ ಹಿಡಿದು ಅವರ ಮನೆಗೆ ಹೋದರು. ಗಂಡಸರ ಬಟ್ಟೆ ತನಗೆ ಬಾರದೆಂದು ಆಕೆ ಎಷ್ಟು ಹೇಳಿದರೂ ಕೇಳಲಿಲ್ಲ. ಅಂದಿನಿಂದ ಅವರ ಅಂಗಿಗಳ ಭುಜಗಳು ಹುಡುಗಿಯರ ಫ್ರಾಕಿನಂತೆ ಉಬ್ಬಿಕೊಂಡೇ ಇರುತ್ತಿದ್ದವು. ಬೆನ್ನ ಹಿಂದೆ ಮುಸಿಮುಸಿ ನಗುತ್ತಿದ್ದ ನಮಗೆ ಕಾರಣ ತಿಳಿದದ್ದು ಎಷ್ಟೋ ಕಾಲದ ಮೇಲೆ.

ಅದೇ ವಾರ ಔಷಧಿ ಅಂಗಡಿಯವರ ಮನೆಗೂ ಹೋಗಿ, ಮಗಳ ಬಟ್ಟೆಗಳನ್ನು ಹೊಲಿಗೆಯಮ್ಮನಲ್ಲೇ ಹೊಲಿಸಿ ಎಂದು ಕೇಳಿಕೊಂಡರು.

“ಮತ್ತೆ ಅದೇ ಶುರುವಾದ್ರೆ ಸಾರ್?” ಎಂದು ಹೆತ್ತಮ್ಮ ಹೆದರಿದರು.

“ಗೊತ್ತಿಲ್ಲಮ್ಮ. ಆದ್ರೆ ಅವ್ರು ಅಲ್ಲಿ ಒಬ್ರೇ ಇದಾರೆ.”

ಆಕೆ ಒಳಗೆ ಹೋಗಿ, ಮಗಳ ಹಳೆಯ ಫ್ರಾಕೊಂದನ್ನು ಅಳತೆಗೆಂದು ತಂದುಕೊಟ್ಟರು. ಆ ಹೆಣ್ಣುಮಗಳ ದೊಡ್ಡತನಕ್ಕೂ ಮೇಷ್ಟ್ರ ಈ ಅಭಿನಂದನ ಸಂಪುಟದಲ್ಲಿ ಒಂದು ನಮಸ್ಕಾರ ಸಲ್ಲಬೇಕು. ಮೇಷ್ಟ್ರು ಕೋಣೆಗೆ ಮರಳಿ, ತಮ್ಮ ಅತ್ಯುತ್ತಮ ಪ್ರಕರಣದ ಕಡತದಲ್ಲಿ ತಾವೇ ಬರೆದರು: ‘ಇಲ್ಲಿಂದ ಮುಂದೆ ಸಂಶೋಧಕನೇ ಕೈ ಹಾಕಿದ್ದಾನೆ. ಇನ್ನು ಮುಂದೆ ಇವಳು ಏನೇ ಹೇಳಿದರೂ ಸಾಕ್ಷ್ಯವೆಂದು ಎಣಿಸಬಾರದು.’

ಕಳೆದ ತಿಂಗಳು ವಿಭಾಗದಲ್ಲಿ ಬೀಳ್ಕೊಡುಗೆಯ ಚಹಾಕೂಟವಿತ್ತು. ಹೊಲಿಗೆಯಮ್ಮ ಬಂದಿದ್ದರು, ಅವರ ತೋಳು ಹಿಡಿದು ಒಬ್ಬ ತರುಣಿ. ಔಷಧಿ ಅಂಗಡಿಯವರ ಮಗಳೆಂದು ತಿಳಿದದ್ದೇ ನಮ್ಮ ಕಿರಿಯ ಅಧ್ಯಾಪಕರೊಬ್ಬರು ತಡೆಯಲಾರದೆ ಕೇಳಿಬಿಟ್ಟರು: “ನಿಮಗೆ ಚಿಕ್ಕಂದಿನದು ಏನಾದ್ರೂ ನೆನಪಿದೆಯಾ?”

“ಏನೂ ಇಲ್ಲ ಸಾರ್. ಎಲ್ಲಾ ಅವರಿವರು ಹೇಳಿದ್ದೇ.”

“ಮತ್ತೆ ಇಲ್ಲಿಗೆ ಬಂದದ್ದು?”

“ಅಮ್ಮಂಗೆ ಮಂಡಿ ನೋವು, ಬಸ್ ಹತ್ತೋಕಾಗಲ್ಲ. ನಾನೇ ಕರ್ಕೊಂಡ್ ಬಂದೆ.”

ಯಾರನ್ನು ‘ಅಮ್ಮ’ ಎಂದೆನೆಂದು ಅವಳು ಗಮನಿಸಲೂ ಇಲ್ಲ. ಹೊಲಿಗೆಯಮ್ಮ ಮೇಷ್ಟ್ರ ಮುಖ ನೋಡಿದರು.

“ಇವಳು ನನ್ನ ಮಗಳೇನಾ ಅಂತ ಇನ್ನು ಕೇಳಲ್ಲ ಸಾರ್,” ಎಂದರು. ಮೇಷ್ಟ್ರು ಚಹಾದ ಲೋಟ ಕೆಳಗಿಟ್ಟು, ಎಲ್ಲರೆದುರೇ ಅತ್ತರು.

ಪೂಜ್ಯರಾದ ನಮ್ಮ ಮೇಷ್ಟ್ರು ಆರೋಗ್ಯವಂತರಾಗಿ ಬಹುಕಾಲ ಬಾಳಲಿ. ಇನ್ನೂ ಎಷ್ಟೋ ಮಕ್ಕಳೆದುರು ನೆಲದ ಮೇಲೆ ಕೂತು ‘ಆಮೇಲೆ?’ ಎನ್ನುತ್ತಿರಲಿ. ಭುಜ ಉಬ್ಬಿದ ಆ ಅಂಗಿಗಳು ಹಳತಾಗುವ ಮೊದಲೇ, ತಾಯಿ-ಮಗಳು ಸೇರಿ ಹೊಲಿದ ಹೊಸವು ಅವರಿಗೆ ಸಿಗುತ್ತಿರಲಿ.