ಲೀಡರ್ ಅವರ ಬೀಕನ್

ಕೊರೊನಾದ ಎರಡನೆಯ ಚಳಿಗಾಲದ ನನ್ನ ಡೈರಿಯಲ್ಲಿ ಹಿಮದ ಬೆಟ್ಟಕ್ಕೆ ಹೋದ ದಿನಗಳಿಗಿಂತ ಹೋಗದ ದಿನಗಳೇ ಹೆಚ್ಚು. ರದ್ದಾದ ಪ್ರವಾಸ ನಾಲ್ಕು, ಹೋದದ್ದು ಒಂದು. ಒಸಾಕಾದ ಹೊಳೆದಂಡೆಯಲ್ಲಿ ಮಾಡಿದ ಅಭ್ಯಾಸ ಮಾತ್ರ ಹನ್ನೊಂದು ಸಲ.

ನಾನು ಆಗಷ್ಟೇ ಅಲ್ಲಿ ಪಿಎಚ್‌ಡಿಗೆ ಸೇರಿದ್ದೆ. ಪಕ್ಕದ ಲ್ಯಾಬಿನಲ್ಲಿ ಸಂಶೋಧಕಿಯಾಗಿದ್ದ ಬೆಂಗಳೂರಿನ ಅಕ್ಕ ನನ್ನನ್ನು ಈ ಸ್ಕೀ ಗುಂಪಿಗೆ ಎಳೆದು ತಂದರು. ಮುಂದಾಳು ಅವರ ಲ್ಯಾಬಿನ ಹಿರಿಯ ವಿಜ್ಞಾನಿ. ಎಲ್ಲರೂ ಲೀಡರ್ ಎಂದೇ ಕರೆಯುತ್ತಿದ್ದರು. ರೆಸಾರ್ಟಿನ ಬೇಲಿಯಾಚೆ, ಕಾವಲಿಲ್ಲದ ಬೆಟ್ಟಗಳನ್ನು ಹತ್ತಿ ಇಳಿಯುವ ಗುಂಪು ಅದು. ಅಲ್ಲಿ ಹಿಮ ಕುಸಿದರೆ ಹೂತುಹೋದವರನ್ನು ಜೊತೆಗಿದ್ದವರೇ ಹೊರತೆಗೆಯಬೇಕು. ಅದಕ್ಕಾಗಿ ಪ್ರತಿಯೊಬ್ಬರೂ ಎದೆಗೆ ಬೀಕನ್ ಕಟ್ಟಿಕೊಳ್ಳುತ್ತಾರೆ. ಅದು ಸದಾ ಸಂಕೇತ ಕಳಿಸುತ್ತಿರುತ್ತದೆ. ಬೇಕಾದಾಗ ಗುಂಡಿ ತಿರುಗಿಸಿದರೆ ಇನ್ನೊಬ್ಬರ ಸಂಕೇತವನ್ನು ಹುಡುಕುತ್ತದೆ. ಬೆನ್ನಚೀಲದಲ್ಲಿ ಸಲಿಕೆ, ಹಿಮಕ್ಕೆ ಚುಚ್ಚಿ ನೋಡುವ ಮಡಿಸುವ ಕೋಲು.

ಊರು ಬಿಡುವಂತಿಲ್ಲದ ತಿಂಗಳುಗಳಲ್ಲೂ ಲೀಡರ್ ಭಾನುವಾರ ಬೆಳಿಗ್ಗೆ ಹೊಳೆದಂಡೆಯ ಒಣಹುಲ್ಲಿನಲ್ಲಿ ಒಂದು ಬೀಕನ್ ಬಚ್ಚಿಡುತ್ತಿದ್ದರು. ನಾವು ಮಾಸ್ಕ್ ಹಾಕಿಕೊಂಡು ಒಬ್ಬೊಬ್ಬರಾಗಿ ಹುಡುಕುತ್ತಿದ್ದೆವು. ನಾಯಿ ಕರೆದುಕೊಂಡು ಬಂದವರು ನಾವೇನೋ ಕಳೆದುಕೊಂಡಿದ್ದೇವೆಂದು ತಾವೂ ಬಗ್ಗಿ ನೋಡುತ್ತಿದ್ದರು. ಹಿಮ ಬೀಳದ ಊರಿನಲ್ಲಿ ಹಿಮಕ್ಕೆ ಇಷ್ಟು ಮರ್ಯಾದೆ ಕೊಡುವವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಮಾರ್ಚ್ ಮೊದಲ ವಾರ ನಿರ್ಬಂಧ ಸಡಿಲವಾಯಿತು. ಆರು ಜನ, ಎರಡು ಕಾರು, ಬೆರಳಗಲ ತೆರೆದಿಟ್ಟ ಕಿಟಕಿಗಳು. ನಾಗಾನೊದ ಒಂದು ಬೆಟ್ಟದ ಕಡಿದಾದ ಬಯಲು ಇಳಿಜಾರಿನಲ್ಲಿ ಒಮ್ಮೆ ಇಳಿಯಬೇಕೆಂಬುದು ಅಕ್ಕನ ಎರಡು ವರ್ಷದ ಆಸೆ. ತಿಂಗಳ ಕೊನೆಗೆ ಅವರು ಬೆಂಗಳೂರಿಗೆ ಹಿಂತಿರುಗುವವರಿದ್ದರು. ಇನ್ನೊಂದು ಅವಕಾಶವಿರಲಿಲ್ಲ.

ಬೆಟ್ಟದ ಬುಡದಲ್ಲಿ, ಹತ್ತಲು ಹೊರಡುವ ಮುಂಚೆ ಅಕ್ಕ ನನ್ನ ಜಾಕೆಟ್ಟಿನ ಎದೆಜೇಬು ತಟ್ಟಿದರು. "ಫೋನ್ ಬೀಕನ್ ಪಕ್ಕದಲ್ಲೇ ಇಟ್ಕೊಂಡಿದೀಯಲ್ಲೋ. ಸಿಗ್ನಲ್ ಕೆಡತ್ತೆ. ಪ್ಯಾಂಟ್ ಜೇಬಿಗೆ ಹಾಕು. ಇಲ್ದಿದ್ರೆ ನಿನ್ನ ಹುಡುಕೋಕೆ ಹೋದ್ರೆ ನಿಮ್ಮಮ್ಮನ ವಾಟ್ಸಾಪ್ ಸಿಗತ್ತೆ, ಅಷ್ಟೆ."

ಆಮೇಲೆ ಪರೀಕ್ಷೆ. ಲೀಡರ್ ತಮ್ಮ ಬೀಕನ್ನನ್ನು ಹುಡುಕುವ ಸ್ಥಿತಿಗೆ ತಿರುಗಿಸಿ ನಿಂತರು. ನಾವು ಒಬ್ಬೊಬ್ಬರಾಗಿ ಮುಂದೆ ಹಾದಾಗಲೆಲ್ಲ ಅದು ಕೂಗಿತು. ಕೊನೆಗೆ ಅವರು ಗುಂಡಿಯನ್ನು ಮತ್ತೆ ಕಳಿಸುವ ಸ್ಥಿತಿಗೆ ತಿರುಗಿಸಬೇಕು, ಗುಂಪಿನ ಅತಿ ಹೊಸಬ, ಅಂದರೆ ನಾನು, ಅವರನ್ನು ಪರೀಕ್ಷಿಸಬೇಕು. ಈ ಪದ್ಧತಿ ಅವರೇ ತಂದದ್ದು. ಇನ್ನೊಂದು ನಿಯಮವನ್ನೂ ಅವರೇ ಮಾಡಿದ್ದರು: ಲೀಡರ್ ತಪ್ಪಿದ ದಿನ ಕಡಿದಾದ ಇಳಿಜಾರಿಗೆ ಯಾರೂ ಹೋಗುವಂತಿಲ್ಲ.

ನನ್ನದನ್ನು ಹುಡುಕುವ ಸ್ಥಿತಿಗೆ ತಿರುಗಿಸಿ ನಿಂತೆ. ಅವರು ನನ್ನ ಮುಂದೆ ಹಾದುಹೋದರು. ನನ್ನ ಬೀಕನ್ ಕೂಗಲಿಲ್ಲ. ಮಾಸ್ಕಿನ ಉಸಿರಿಗೆ ಕನ್ನಡಕ ಮಂಜಾಗಿತ್ತು, ಒರೆಸಿಕೊಂಡು ನೋಡಿದೆ. ಅವರ ಹಿಂದೆಯೇ ನಾಲ್ಕು ಹೆಜ್ಜೆ ಹೋಗಿ ಮತ್ತೆ ಹಿಡಿದೆ. ಇಲ್ಲ.

"ಅಕ್ಕಾ, ಇವರದ್ದು ಬರ್ತಾ ಇಲ್ಲ," ಎಂದೆ. ಅಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ.

"ಸರಿಯಾಗಿ ನೋಡ್ದ್ಯಾ?"

"ಎರಡು ಸಲ. ಹೇಳಿದ್ರೆ ನಿಮ್ಮ ಇಳಿಜಾರು..."

ಅಕ್ಕ ತಲೆಯೆತ್ತಿ ಬೆಟ್ಟವನ್ನು ನೋಡಿದರು. ಮೋಡ ಸರಿದು ಇಡೀ ಇಳಿಜಾರು ಬಿಸಿಲಿನಲ್ಲಿತ್ತು. "ನನ್ನ ಯಾಕೋ ಕೇಳ್ತೀಯ? ಅವ್ರಿಗೆ ಹೇಳು," ಎಂದರು.

"ಸುಮಿಮಾಸೆನ್," ಕ್ಷಮಿಸಿ ಎಂದು ಜಪಾನಿಯಲ್ಲಿ ಕರೆದು, ಅವರ ಸಂಕೇತ ಬರುತ್ತಿಲ್ಲವೆಂದು ಹೇಳಿದೆ. ಲೀಡರ್ ನಿಂತರು. ಜಾಕೆಟ್ಟಿನ ಜಿಪ್ ಎಳೆದು ನೋಡಿಕೊಂಡರು. ಗುಂಡಿ ಇನ್ನೂ ಹುಡುಕುವ ಸ್ಥಿತಿಯಲ್ಲೇ ಇತ್ತು. ಹೂತುಹೋಗಿದ್ದರೆ ಅವರನ್ನು ಪತ್ತೆಹಚ್ಚಲು ನಮಗೆ ಸಂಕೇತವೇ ಇರುತ್ತಿರಲಿಲ್ಲ. ಅದನ್ನು ಸರಿಪಡಿಸಿ, ನನಗೆ ಸೊಂಟ ಬಗ್ಗಿಸಿ ನಮಸ್ಕರಿಸಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ತಪ್ಪಿದ್ದು ನಾನು. ಇವತ್ತು ಕಾಡಿನ ದಾರಿ."

ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವನ ಮುಂದೆ ಅವರ ದನಿ ತಗ್ಗಲೂ ಇಲ್ಲ, ಏರಲೂ ಇಲ್ಲ. ಯಾರೂ ವಾದಿಸಲಿಲ್ಲ. ಬೋಳು ಮರಗಳ ನಡುವೆ, ಮಕ್ಕಳೂ ಜಾರಬಹುದಾದ ಇಳುಕಲಿನಲ್ಲಿ ಮಧ್ಯಾಹ್ನದವರೆಗೆ ಇಳಿದೆವು. ಅಕ್ಕ ಎಲ್ಲರಿಗಿಂತ ಹಿಂದಿದ್ದರು.

ಕಾರಿನ ಬಳಿ ಕೊಂಬಿನಿ ಎಂಬ ದಿನಸಿ ಅಂಗಡಿಯಿಂದ ತಂದ ಅನ್ನದ ಉಂಡೆ ಬಿಚ್ಚುತ್ತಾ ಅವರೇ ಕೇಳಿದರು: "ಡೈರೀಲಿ ಏನಂತ ಬರೀತೀಯ?"

"ಇಳಿಜಾರು ರದ್ದು ಅಂತ. ನನ್ನಿಂದ."

"ನಿನ್ನಿಂದ ಯಾಕೆ? ನನ್ನ ಹೆಸರಲ್ಲಿ ಹಾಕು. ಹೇಳು ಅಂದಿದ್ದು ನಾನು ತಾನೆ."

ಎದೆಯ ಪಟ್ಟಿ ಬಿಚ್ಚಿ, ಬೀಕನ್ ಆರಿಸಿ, ಅವರು ಬೆಟ್ಟದ ಕಡೆ ಬೆನ್ನು ಮಾಡಿ ಊಟಕ್ಕೆ ಕುಳಿತರು.