ಊರಾಡಿದ ಕಾಸಿನ ಸರ

ಮೊನ್ನೆ ಬೆಳಿಗ್ಗೆ ಏಳುವಷ್ಟರಲ್ಲಿ ಮನೆ ತುಂಬ ಅಂಟವಾಳದ ಕಾಯಿಯ ವಾಸನೆ. ಅಮ್ಮ ಹಿತ್ತಲ ಬಾಗಿಲಲ್ಲಿ ಕೂತು, ಬೋಗುಣಿಯ ನೊರೆಯೊಳಗೆ ತನ್ನ ಕಾಸಿನ ಸರ ಅದ್ದಿಕೊಂಡು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಿದ್ದಳು. ಬ್ರಷ್ಷು ನನ್ನದು, ಅದು ಹಳೆಯದಾಗಿದೆ ಎಂಬ ವಿಷಯ ನನಗೆ ಆಗಲೇ ಗೊತ್ತಾದದ್ದು.

"ಯಾರಿಗಮ್ಮಾ ಇದು?" ಎಂದೆ.

"ಯಾರಿಗೋ ಒಬ್ರಿಗೆ. ನಿಂಗ್ಯಾಕೆ? ನೀನ್ ಹಾಕ್ಕೊಂಡು ಹೋಗ್ತೀಯಾ?"

ತೊಳೆದ ಸರವನ್ನು ಬಿಳೀ ಬಟ್ಟೆಯ ಮೇಲೆ ಹರಡಿದಳು. ಆ ಸರದಲ್ಲಿ ಒಂದು ಕಾಸಿದೆ; ಎಷ್ಟು ಸರಿಮಾಡಿದರೂ ತಿರುಗಿಕೊಂಡುಬಿಡುತ್ತದೆ. ಉಳಿದ ಕಾಸುಗಳಲ್ಲಿ ಲಕ್ಷ್ಮಿ ಕೂತು ಎಲ್ಲರನ್ನೂ ನೋಡುತ್ತಿದ್ದರೆ ಅದರಲ್ಲಿ ಮಾತ್ರ ಬರೀ ಬೆನ್ನು. ಆ ಬೆನ್ನು ಕಂಡದ್ದೇ ತಡ, ಮೆಂಬರಕ್ಕ ನೆನಪಾದರು...

ಮೆಂಬರಕ್ಕ ನಮ್ಮ ಪಕ್ಕದ ಮನೆಯವರು. ನಗರಸಭೆಗೆ ಆರಿಸಿ ಬಂದ ದಿನದಿಂದ ಅವರ ಗಂಡ ಕೂಡ ಅವರನ್ನು "ಮೆಂಬರ್ರೇ" ಎಂದೇ ಕರೆಯುತ್ತಿದ್ದರು, ಮೊದಲು ತಮಾಷೆಗೆ, ಆಮೇಲೆ ಅಭ್ಯಾಸಕ್ಕೆ. ಗಂಡ ಆಟೋ ಓಡಿಸುತ್ತಿದ್ದರು. ಅಕ್ಕ ಮನೆಯಲ್ಲಿ ಕೂತು ಸೀರೆಗಳಿಗೆ ಫಾಲ್ ಹಾಕಿ, ಸೆರಗಿಗೆ ಕುಚ್ಚು ಕಟ್ಟಿಕೊಡುತ್ತಿದ್ದರು. ಅರಸೀಕೆರೆಯ ನಮ್ಮ ಬೀದಿಗಳಲ್ಲಿ ಯಾರ ಬೀರುವಿನಲ್ಲಿ ಯಾವ ಸೀರೆ ಇದೆ, ಯಾವುದು ತವರಿನದು, ಯಾವುದು ಕಂತಿನದು ಎಂಬುದೆಲ್ಲ ಅವರಿಗೆ ಬಾಯಿಪಾಠ. ಅದೇ ನಿಮ್ಮ ರಾಜಕೀಯದ ಓದು ಎಂದು ನಾನು ರೇಗಿಸುತ್ತಿದ್ದೆ. "ಹೂಂ ಕಣೋ ಗಿಣಿ, ನೀನ್ ಬಿ.ಎ. ಫೇಲಾಗಿದ್ದಕ್ಕಿಂತ ವಾಸಿ" ಎನ್ನುತ್ತಿದ್ದರು.

ಗಿಣಿ ಅಂದರೆ ನಾನು. ಕೇಳಿದ ದನಿಯನ್ನೆಲ್ಲ ಹಾಗೇ ಒಪ್ಪಿಸುವ ಚಾಳಿ ನನಗೆ ಚಿಕ್ಕಂದಿನಿಂದಲೂ ಇತ್ತು. ಮೇಷ್ಟರು, ಡಾಕ್ಟರು, ಬಸ್ಸಿನ ಕಂಡಕ್ಟರು, ರೈಲ್ವೆ ಜಂಕ್ಷನ್ನಿನ ಮೈಕಿನ ಹೆಂಗಸು, ಎಲ್ಲರೂ ನನ್ನ ಗಂಟಲಲ್ಲಿ ಬಿಡಾರ ಹೂಡಿದ್ದರು. ನನ್ನ ಸ್ವಂತ ದನಿ ಯಾವುದು ಎಂದು ಹುಡುಗಿಯೊಬ್ಬಳು ಒಮ್ಮೆ ಕೇಳಿದಾಗ ನಾನು ಗಾಬರಿಯಾಗಿ ನಮ್ಮ ಪ್ರಿನ್ಸಿಪಾಲರ ದನಿಯಲ್ಲಿ ಉತ್ತರ ಕೊಟ್ಟೆ. ಅವಳು ಮತ್ತೆ ಮಾತಾಡಿಸಲಿಲ್ಲ. ಅಕ್ಕನ ಚುನಾವಣೆಯಲ್ಲಿ ಆಟೋದ ಮೈಕು ನನ್ನ ಕೈಗೇ ಬಂತು. "ಪ್ರಯಾಣಿಕರ ಗಮನಕ್ಕೆ, ನಿಮ್ಮ ಪಕ್ಷೇತರ ಅಭ್ಯರ್ಥಿ ಕೆಲವೇ ಕ್ಷಣಗಳಲ್ಲಿ ಎರಡನೇ ಅಡ್ಡರಸ್ತೆಗೆ ಆಗಮಿಸಲಿದ್ದಾರೆ" ಎಂದು ರೈಲ್ವೆಯ ದನಿಯಲ್ಲಿ ಕೂಗಿದೆ. ಯಾರೋ ತಾತ ಬ್ಯಾಗ್ ಹಿಡಿದು ಮನೆಯಿಂದ ಓಡಿ ಬಂದಿದ್ದರಂತೆ. ಆ ಓಟು ನಮಗೆ ಬಂದಿರಲಾರದು.

ಅಕ್ಕನದೂ ಒಂದು ಐಟಂ ನನ್ನ ಬಳಿ ಇತ್ತು. ಅವರು ನಮ್ಮ ಮನೆಗೆ ಬಂದರೆ ಬಾಗಿಲು ತಟ್ಟುತ್ತಿರಲಿಲ್ಲ. ಕೈ ಎತ್ತಿ ಬಳೆ ಝಲ್ಲೆನ್ನಿಸಿ, "ಅಕ್ಕೋ, ಒಲೆ ಮ್ಯಾಲೆ ಏನೈತೆ?" ಎನ್ನುವರು. ಒಳಗಿಂದ ಅಮ್ಮ, "ಬಾರೇ, ನಿನ್ ಪಾಲು ಐತೆ" ಎನ್ನುವಳು. ನಾನು ಬಾಯಲ್ಲೇ ಬಳೆ ಕುಲುಕಿ ಅದನ್ನೇ ಹೇಳಿ ಅಮ್ಮನನ್ನು ಎಷ್ಟೋ ಸಲ ಏಮಾರಿಸಿದ್ದೆ. ಅಡುಗೆಮನೆಯಿಂದ ತಟ್ಟೆ ಹಿಡಿದು ಬಂದವಳು ನನ್ನ ಮುಖ ನೋಡಿ ಸೌಟಿಗಾಗಿ ವಾಪಸು ಹೋಗುತ್ತಿದ್ದಳು.

ಪಕ್ಷೇತರರ ಕಷ್ಟ ಏನೆಂದು ನನಗೆ ತಿಳಿದದ್ದು ಅಕ್ಕನ ಸೀರೆಗಳಿಂದ. ಹಸಿರು ಉಟ್ಟರೆ ಆ ಕಡೆ ವಾಲಿದರು ಎನ್ನುವರು, ಕೇಸರಿ ಉಟ್ಟರೆ ಈ ಕಡೆ ಹಾರಿದರು ಎನ್ನುವರು. ಹಾಗಾಗಿ ಅಕ್ಕ ಸಭೆಗೆ ಹೋಗುವಾಗ ಕಾಫಿಪುಡಿ ಬಣ್ಣದ ಹತ್ತಿ ಸೀರೆಯನ್ನೇ ಉಡುತ್ತಿದ್ದರು. ಕಾಫಿಪುಡಿ ಪಕ್ಷದ ಅಧ್ಯಕ್ಷರು ಹೊರಟರು ಎಂದು ನಾನು ಕೂಗುತ್ತಿದ್ದೆ. ಬಳೆ ಮಾತ್ರ ಎಲ್ಲ ಬಣ್ಣದವೂ ಬೆರೆತಿರುತ್ತಿದ್ದವು. "ಓಟು ಎಲ್ರೂ ಹಾಕವ್ರೆ, ಕೈಯಾಗೆ ಎಲ್ರೂ ಇರ್ಬೇಕಲ್ವಾ?" ಎನ್ನುವರು. ಸೆರಗನ್ನು ಭುಜದ ಮೇಲೆ ಹೊದ್ದು ಹೊರಟರೆ ನಗರಸಭೆಯ ಸಾಹೇಬರನ್ನು ಏನೋ ಕೇಳಿಕೊಳ್ಳಲು ಹೋಗುತ್ತಿದ್ದಾರೆ ಎಂದರ್ಥ. ಸೊಂಟಕ್ಕೆ ಸಿಕ್ಕಿಸಿದ್ದರೆ ಅಂದು ಸಾಹೇಬರ ಗ್ರಹಚಾರ. ಬುದ್ಧ ಪೂರ್ಣಿಮೆಯ ದಿನ ಬಿಳೀ ಸೀರೆ ಉಟ್ಟು ಬೀದಿಗೆಲ್ಲ ಪಾಯಸ ಹಂಚುವಾಗ ಮಾತ್ರ ಅದಕ್ಕೆ ಯಾವ ಅರ್ಥವೂ ಇರುತ್ತಿರಲಿಲ್ಲ. ಅವತ್ತು ಅವರು ಸುಮ್ಮನೆ ಚೆನ್ನಾಗಿ ಕಾಣುತ್ತಿದ್ದರು.

ಚಿನ್ನದ ವಿಷಯದಲ್ಲಿ ಬಲು ಬಿಗಿ. ಗೆಲ್ಲುವ ಮುಂಚೆ ಏನಿತ್ತೋ ಅಷ್ಟೇ, ಒಂದು ಜೊತೆ ಓಲೆ ಮತ್ತು ಕರಿಮಣಿ. "ಗಂಡಸ್ರು ಗೆದ್ದ ಮ್ಯಾಲೆ ಉಂಗುರ ಹಾಕಿದ್ರೆ ಕಳೆ ಬಂತು ಅಂತಾರೆ. ನಾವ್ ಹಾಕಿದ್ರೆ ತಿಂದ್ಲು ಅಂತಾರೆ" ಎಂದು ಅಮ್ಮನ ಹತ್ತಿರ ಹೇಳುವುದನ್ನು ಕೇಳಿದ್ದೆ. ಅದು ಸುಳ್ಳಾಗಿರಲಿಲ್ಲ. ನಗರಸಭೆಯಲ್ಲಿ ಒಬ್ಬ ಹಿರಿಯ ಮೆಂಬರ್ರಿದ್ದರು. ಅವರ ಮುಂಗೈಯ ಬ್ರೇಸ್‌ಲೆಟ್ಟು ಪ್ರತಿ ಚುನಾವಣೆಗೂ ದಪ್ಪವಾಗುತ್ತ ಬಂದಿತ್ತು. ಅದರ ಫೋಟೋ ಯಾರೂ ತೆಗೆಯಲಿಲ್ಲ.

ಅಕ್ಕ ಗೆದ್ದದ್ದು ಒಂದೇ ಮಾತಿನ ಮೇಲೆ: ಸಂತೆ ಮೈದಾನದಲ್ಲಿ ಹೆಂಗಸರಿಗೊಂದು ಶೌಚಾಲಯ. ಸೊಪ್ಪು ಮಾರುವವರು, ಕೊಬ್ಬರಿ ಸುಲಿಯುವವರು ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯದೆ ಕೂರುತ್ತಿದ್ದರು. ಓಡಾಡಿ ಓಡಾಡಿ ಅಕ್ಕ ಅದನ್ನು ಮಂಜೂರು ಮಾಡಿಸಿದರು. ಕೆಲಸ ಮಾತ್ರ ಶುರುವಾಗಲಿಲ್ಲ. ಅಷ್ಟರಲ್ಲಿ ಬ್ರೇಸ್‌ಲೆಟ್ಟಿನ ಮೆಂಬರ್ರು ಆ ಹಣದಲ್ಲಿ ಊರ ಬಾಗಿಲಿಗೊಂದು ಸ್ವಾಗತ ಕಮಾನು ಕಟ್ಟಿಸೋಣ ಎಂದು ಮಾತು ಎತ್ತಿದರು. ಮುಂದಿನ ಸಭೆಯಲ್ಲಿ ಅದು ತೀರ್ಮಾನವಾಗಬೇಕಿತ್ತು.

ಆ ನಡುವೆ ಅಕ್ಕನ ತಂಗಿಯ ಮದುವೆ ಬಂತು. ಹಳೇಬೀಡಿನ ಗಂಡು, ಬೇಲೂರಿನ ಛತ್ರ. ಬೀಗರು ಸ್ವಲ್ಪ ಗತ್ತಿನವರು, ಹೆಣ್ಣಿನ ಕಡೆಯವರ ಕುತ್ತಿಗೆ ಕೈ ನೋಡಿಯೇ ಮಾತಾಡಿಸುವವರು. ಹೊರಡುವ ಹಿಂದಿನ ದಿನ ಅಮ್ಮ ಅರಿಸಿನದ ಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ಅಕ್ಕನ ಕೈಗಿಟ್ಟದ್ದು ನನ್ನ ಕಣ್ಣಿಗೆ ಬಿತ್ತು. ಎರವಲು ಒಡವೆಯ ವಿಷಯದಲ್ಲಿ ನಮ್ಮ ಬೀದಿಯ ಹೆಂಗಸರಿಗೆ ಒಂದು ಕಟ್ಟಳೆ ಇತ್ತು. ಕೊಟ್ಟವರು ಕೊಟ್ಟೆ ಎನ್ನಬಾರದು, ಹಾಕಿಕೊಂಡವರು ಯಾರದೆಂದು ಹೇಳಬಾರದು. ಮೈಮೇಲೆ ಇದ್ದಷ್ಟು ಹೊತ್ತು ಅದು ಅವರದೇ.

ಛತ್ರದಲ್ಲಿ ಅಕ್ಕ ರೇಷ್ಮೆ ಸೀರೆ, ಕಾಸಿನ ಸರದಲ್ಲಿ ಓಡಾಡುತ್ತಿದ್ದರೆ ನನಗೇ ಗುರುತು ಹತ್ತಲಿಲ್ಲ. ಬೀಗಿತ್ತಿ ಕೂತಿದ್ದವರು ಎದ್ದು ನಿಂತು ಮಾತಾಡಿಸಿದರು. ಊಟವಾದ ಮೇಲೆ ನಾವೆಲ್ಲ ದೇವಸ್ಥಾನದ ಕಡೆ ನಡೆದೆವು. ಸೂರಿನ ಕೆಳಗೆ ನಿಂತ ಶಿಲಾಬಾಲಿಕೆಯರನ್ನು ಅಕ್ಕ ಕತ್ತೆತ್ತಿ ಬಹಳ ಹೊತ್ತು ನೋಡಿದರು.

"ಲೋ ಗಿಣಿ, ಇವ್ಳ ಮೈಮೇಲೆ ಎಷ್ಟು ಒಡವೆ ಐತೆ ನೋಡೋ. ಎಲ್ಲಿಂದ ಬಂತೇ ಅಂತ ಒಬ್ನಾದ್ರೂ ಕೇಳ್ತಾನಾ?"

"ಅವಳು ಎಲೆಕ್ಷನ್ನಿಗೆ ನಿಂತಿಲ್ವಲ್ಲಕ್ಕಾ" ಎಂದೆ.

ಅಕ್ಕ ನಕ್ಕರು. ನಗುವಾಗ ಕೈ ತಾನಾಗಿ ಸರದ ಮೇಲೆ ಹೋಗಿ ಆ ತಿರುಗಿದ ಕಾಸನ್ನು ನೆಟ್ಟಗೆ ಮಾಡಿತು. ಅದು ಮತ್ತೆ ತಿರುಗಿತು...

ನಾವು ಅರಸೀಕೆರೆಗೆ ಬಂದು ಇಳಿಯುವ ಮೊದಲೇ ಫೋಟೋ ಬಂದಿತ್ತು. ಮದುವೆಗೆ ಬಂದಿದ್ದ ಯಾರೋ ತೆಗೆದದ್ದು, ನಮ್ಮ ವಾರ್ಡಿನ ವಾಟ್ಸಾಪ್ ಗ್ರೂಪಿನಲ್ಲಿ. ತಿರುಗಿದ ಕಾಸೂ ಕಾಣುವ ಹಾಗೆ ಅಕ್ಕನ ಕುತ್ತಿಗೆಗೊಂದು ಕೆಂಪು ಸುತ್ತು ಬಳಿದು ಕೆಳಗೆ ಬರೆದಿದ್ದರು: "ಸಂತೆ ಶೌಚಾಲಯ ಎಲ್ಲಿ ಅಂತ ಕೇಳ್ತಿದ್ರಲ್ಲ, ಇಲ್ಲಿ ನೇತಾಡ್ತಾ ಇದೆ ನೋಡಿ."

ನನಗೂ ಒಂದು ಕ್ಷಣ ನಗು ಬಂತು. ಮಾತು ಚೆನ್ನಾಗಿತ್ತು, ಇಂಥದ್ದೆಲ್ಲ ನನಗೇ ಯಾಕೆ ಹೊಳೆಯುವುದಿಲ್ಲ ಎಂದು ಹೊಟ್ಟೆಕಿಚ್ಚೂ ಆಯಿತು. ಆಮೇಲೆ ಅಕ್ಕನ ಮುಖ ನೋಡಿದೆ.

ಎರವಲು ತಂದದ್ದು ಎಂದು ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಆದರೆ ಅದು ಹಳೇಬೀಡು ಮುಟ್ಟಲು ಎಷ್ಟು ಹೊತ್ತು? ಹೊಸಿಲು ದಾಟಿ ಇನ್ನೂ ಒಂದು ದಿನವಾಗದ ತಂಗಿ ಆ ಗತ್ತಿನ ಅತ್ತೆಯ ಮುಂದೆ ತಲೆ ತಗ್ಗಿಸಬೇಕಾಗುತ್ತಿತ್ತು. ಹೇಳದಿದ್ದರೆ ಸಂತೆಯ ಹೆಂಗಸರ ಶೌಚಾಲಯ ಕಮಾನಾಗಿಬಿಡುತ್ತಿತ್ತು. ಕಳ್ಳಿಯ ಮಾತನ್ನು ಸಭೆಯಲ್ಲಿ ಯಾರು ಕೇಳುತ್ತಾರೆ? ಅಕ್ಕ ಸರವನ್ನು ಅದೇ ಬಟ್ಟೆಯಲ್ಲಿ ಸುತ್ತಿ ತಂದು ಕೊಟ್ಟರು. ಅಂದು ಬಳೆ ಕುಲುಕಲಿಲ್ಲ, ಒಲೆಯ ಮೇಲೇನಿದೆ ಎಂದೂ ಕೇಳಲಿಲ್ಲ.

"ನಾನೇ ಹೇಳ್ತೀನಿ ಬಿಡೇ, ನಂದು ಅಂತ" ಎಂದಳು ಅಮ್ಮ.

"ಬ್ಯಾಡಕ್ಕಾ. ಮಗು ಅಲ್ಲಿ ಬಾಳ್ಬೇಕು" ಎಂದಷ್ಟೇ ಹೇಳಿ ಹೋದರು.

ಅಮ್ಮ ಬಹಳ ಹೊತ್ತು ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮರುದಿನ ಬೆಳಿಗ್ಗೆ ನೋಡಿದರೆ, ನೈಟಿಯ ಮೇಲೆ ಟವೆಲು, ಟವೆಲಿನ ಮೇಲೆ ಕಾಸಿನ ಸರ. ಹಾಗೇ ಹಾಲಿನ ಬೂತಿಗೆ ಹೊರಟಳು! ನನಗೆ ತಲೆ ಕೆಟ್ಟಿತು. "ಅಮ್ಮಾ, ಏನಿದು ವೇಷ?" ಎಂದರೆ, "ನೀನ್ ದಿನಾ ಹಾಕಲ್ವಾ? ಇವತ್ತು ನಂದು" ಎಂದಳು.

ಅಂದು ಮಧ್ಯಾಹ್ನ ಅದೇ ಸರ ಎದುರುಮನೆಯ ರಿಟೈರಾದ ಟೀಚರ ಕುತ್ತಿಗೆಯಲ್ಲಿ ಬ್ಯಾಂಕಿಗೆ ಹೋಗಿ ಬಂತು. ಮರುದಿನ ಮೂಲೆಮನೆಯ ಸೊಸೆ ಅದನ್ನು ಹಾಕಿಕೊಂಡು ಮಗುವನ್ನು ಶಾಲೆಗೆ ಬಿಟ್ಟಳು. ಹಿಟ್ಟಿನ ಗಿರಣಿಗೆ ಒಬ್ಬರು, ರೇಷನ್ ಅಂಗಡಿಗೆ ಒಬ್ಬರು. ಮೇಲಿನ ಬೀದಿ, ಕೆಳಗಿನ ಬೀದಿ ಎಂದು ನೋಡದೆ, ಒಬ್ಬರ ನೀರು ಇನ್ನೊಬ್ಬರು ಕುಡಿಯದ ಮನೆಗಳ ನಡುವೆಯೂ ಆ ಸರ ಓಡಾಡಿತು. ಯಾರೂ ಒಂದು ಮಾತು ಹೇಳಲಿಲ್ಲ. ಎಲ್ಲರೂ ಆ ತಿರುಗಿದ ಕಾಸು ಚೆನ್ನಾಗಿ ಕಾಣುವ ಹಾಗೆ ಸೆರಗು ಹಾಕಿಕೊಂಡು ಹೋಗಿ ಬಂದರು, ಅಷ್ಟೇ. ಗ್ರೂಪಿನಲ್ಲಿ ಫೋಟೋ ಮೇಲೆ ಫೋಟೋ. ಕೆಂಪು ಸುತ್ತು ಬಳಿದವನು ಯಾರಾರಿಗೆ ಸುತ್ತು ಬಳಿದಾನು?

"ಹಳೇಬೀಡಿನೋರಿಗೆ ಗೊತ್ತಾದ್ರೆ?" ಎಂದು ಅಮ್ಮನನ್ನು ಕೇಳಿದೆ.

"ಗೊತ್ತಾಗ್ಲಿ. ಮೆಂಬರ್ರು ದೊಡ್ಡ ಮನಸ್ನೋರು, ತಮ್ಮ ಸರ ಊರಿಗೆಲ್ಲ ಕೊಡ್ತಾರೆ ಅಂದ್ಕೊಳ್ತಾರೆ. ಅರಸೀಕೆರೆಯೋರು ಏನಂದ್ಕೊಬೇಕೋ ಅದನ್ನ ಅಂದ್ಕೊಳ್ತಾರೆ. ನಾವ್ಯಾರೂ ಬಾಯಿ ಬಿಟ್ಟಿಲ್ವಲ್ಲಾ?"

ನಾನು ಜಗತ್ತಿನ ದನಿಗಳನ್ನೆಲ್ಲ ಕಲಿತವನು. ದನಿಯೇ ಇಲ್ಲದ ಈ ಮಾತನ್ನು ಮಾತ್ರ ನನಗೆ ಇವತ್ತಿಗೂ ಅನುಕರಿಸಲು ಬಂದಿಲ್ಲ.

ಅಕ್ಕನಿಗೆ ಇದೊಂದೂ ಗೊತ್ತಿರಲಿಲ್ಲ. ಗ್ರೂಪು ಬಿಟ್ಟು, ಬಾಗಿಲು ಹಾಕಿಕೊಂಡು ಕುಚ್ಚು ಕಟ್ಟುತ್ತ ಕೂತಿದ್ದರು. ಸಂತೆಯ ದಿನ ಸೊಪ್ಪು ತರಲು ಹೊರಟಾಗ ನಾನೂ ಚೀಲ ಹಿಡಿದು ಜೊತೆಗೆ ಹೋಗಿದ್ದೆ. ಸೊಪ್ಪಿನಜ್ಜಿ ದಂಟು, ಕೀರೆಯ ರಾಶಿಯ ಹಿಂದೆ ಎಂದಿನಂತೆ ಕೂತಿತ್ತು. ಮಾಸಿದ ಸೀರೆ, ಮಣ್ಣಿನ ಕೈ, ಎದೆಯ ಮೇಲೆ ಝಗಝಗ ಕಾಸಿನ ಸರ. ಅಕ್ಕ ನಿಂತಲ್ಲೇ ನಿಂತರು.

"ಯಾಕವ್ವಾ ಹಂಗ್ ನೋಡ್ತೀಯಾ? ನಂಗೇನ್ ಒಪ್ಪಾಕಿಲ್ವಾ?" ಎಂದಿತು ಅಜ್ಜಿ. ಅಕ್ಕ ಸೊಪ್ಪಿನ ರಾಶಿಯ ಮುಂದೆ ಕುಕ್ಕರಿಸಿ, ಸೆರಗು ಬಾಯಿಗೆ ಒತ್ತಿಕೊಂಡು... ನಕ್ಕರೋ ಅತ್ತರೋ ನನಗೆ ತಿಳಿಯಲಿಲ್ಲ. ಬಳೆ ಮಾತ್ರ ಅಲುಗುತ್ತಿತ್ತು.

ಶನಿವಾರ ಸರ ದೇವರ ದರ್ಶನಕ್ಕೆಂದು ಮಾಲೇಕಲ್ಲು ಬೆಟ್ಟ ಹತ್ತಿತು. ಹಾಕಿಕೊಂಡು ಹತ್ತಿದವರು ಬ್ರೇಸ್‌ಲೆಟ್ಟಿನ ಮೆಂಬರ್ರ ಹೆಂಡತಿ! ಆಕೆಯೇ ಅಮ್ಮನನ್ನು ಹುಡುಕಿಕೊಂಡು ಬಂದು ಕೇಳಿ ತೆಗೆದುಕೊಂಡು ಹೋಗಿದ್ದರು. ಸಂತೆಗೆ ಅವರೂ ಹೋಗುವವರೇ ತಾನೆ. ಸೋಮವಾರ ಸಭೆಯ ಬೆಳಿಗ್ಗೆ ಅದೇ ಸರದಲ್ಲಿ ಗಂಡನಿಗೆ ಉಪ್ಪಿಟ್ಟು ಬಡಿಸಿದರಂತೆ. "ತುತ್ತು ಬಾಯಲ್ಲೇ ನಿಂತಿತ್ತು ಕಣಪ್ಪಾ" ಎಂದು ಆಕೆ ಹೇಳಿದ್ದರಿಂದ ಆ ಮುಖವನ್ನು ನಾನು ನೋಡದೆಯೇ ಕಲಿತೆ. ಎಷ್ಟೋ ಸ್ಟೇಜಿನ ಮೇಲೆ ಮಾಡಿ ಚಪ್ಪಾಳೆ ತೆಗೆದುಕೊಂಡಿದ್ದೇನೆ.

ಅಂದು ಸಭೆಗೆ ಅಕ್ಕ ಕಾಫಿಪುಡಿ ಸೀರೆ ಉಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೋದರು. ಕುತ್ತಿಗೆಯಲ್ಲಿ ಕರಿಮಣಿ ಬಿಟ್ಟು ಬೇರೇನೂ ಇರಲಿಲ್ಲ. ನಾನು ಬಾಗಿಲ ಬಳಿ ನಿಂತಿದ್ದೆ. ಕಮಾನಿನ ವಿಷಯ ಬಂದಾಗ ಎಲ್ಲರೂ ಹಿರಿಯ ಮೆಂಬರ್ರ ಕಡೆ ನೋಡಿದರು. ಅವರು ಕೆಮ್ಮಿದರು. ನೀರು ಕುಡಿದರು. ಕಮಾನು ಮುಂದಿನ ವರ್ಷ ನೋಡೋಣ ಎಂದರು. ಸರದ ಸುದ್ದಿಯನ್ನು ಒಬ್ಬರೂ ಎತ್ತಲಿಲ್ಲ. ಅಕ್ಕ ಕೈ ಎತ್ತಿ ಬಳೆಗಳನ್ನು ಮೊಣಕೈವರೆಗೆ ಸರಿಸಿಕೊಂಡು, "ಹಂಗಾದ್ರೆ ಕೆಲಸ ಯಾವತ್ತು ಸುರು ಸ್ವಾಮಿ?" ಎಂದು ಕೇಳಿದರು. ಆ ಝಲ್ಲೆನ್ನುವ ಸದ್ದು ಹೊರಗಿನ ಮೆಟ್ಟಿಲವರೆಗೂ ಬಂತು. ಅಲ್ಲಿ ಕೂತಿದ್ದ ಸಂತೆಯ ಹೆಂಗಸರು ಒಳಗೆ ಏನಾಯಿತೆಂದು ನನ್ನನ್ನು ಕೇಳಲೇ ಇಲ್ಲ.

ಶೌಚಾಲಯ ಕಟ್ಟಿದರು, ಇವತ್ತಿಗೂ ಇದೆ. ಮುಂದಿನ ಚುನಾವಣೆಗೆ ವಾರ್ಡಿನ ಮೀಸಲಾತಿ ಬದಲಾಗಿ ಅಕ್ಕನಿಗೆ ನಿಲ್ಲಲಾಗಲಿಲ್ಲ. ಮತ್ತೆ ಕುಚ್ಚು ಕಟ್ಟುತ್ತ ಕೂತರು. ಮೆಂಬರಕ್ಕ ಎಂಬ ಹೆಸರನ್ನು ಮಾತ್ರ ಯಾವ ಮೀಸಲಾತಿಯೂ ಕಿತ್ತುಕೊಳ್ಳಲಿಲ್ಲ. ಆಮೇಲೊಂದು ವರ್ಷ ಜ್ವರವೆಂದು ಹಾಸನದ ಆಸ್ಪತ್ರೆಗೆ ಹೋದವರು... ದೇಹವನ್ನು ತಂದಾಗ ಹೆಂಗಸರು ಯಾವ ಸೀರೆ ಉಡಿಸುವುದೆಂದು ಒಬ್ಬರನ್ನೊಬ್ಬರು ಕೇಳಲಿಲ್ಲ. ಅಮ್ಮ ಒಳಗೆ ಹೋಗಿ ಕಾಫಿಪುಡಿ ಬಣ್ಣದ್ದನ್ನು ತಂದಳು.

ಬಟ್ಟೆಯ ಮೇಲೆ ಸರ ಆರುತ್ತಿತ್ತು. ನಾನು ಬೆರಳಿಂದ ಆ ಕಾಸನ್ನು ನೆಟ್ಟಗೆ ಮಾಡಲು ಹೋದೆ.

"ಬಿಡೋ, ಅದು ಹಂಗೇ ಇರ್ಲಿ" ಎಂದಳು ಅಮ್ಮ. ಆಮೇಲೆ ನೊರೆಯ ನೀರು ಚೆಲ್ಲುತ್ತ, ನನ್ನ ಮುಖ ನೋಡದೆ ಕೇಳಿದಳು: "ಅವಳ ತರಾ ಒಂದ್ಸಲ ಕೂಗೋ."

ಅಕ್ಕ ಹೋದ ಮೇಲೆ ನಾನು ಆ ದನಿಯನ್ನು ಮುಟ್ಟಿರಲಿಲ್ಲ. ಗಂಟಲು ಸರಿಮಾಡಿಕೊಂಡು, "ಅಕ್ಕೋ, ಒಲೆ ಮ್ಯಾಲೆ..." ಎಂದೆ.

"ಬಳೆ ಮರ್ತೆ" ಎಂದಳು ಅಮ್ಮ. "ಮೊದ್ಲು ಬಳೆ, ಆಮೇಲೆ ಮಾತು."

ಬಾಯಲ್ಲಿ ಬಳೆ ಕುಲುಕಲು ನೋಡಿದೆ, ಬರಲಿಲ್ಲ. ಅಮ್ಮ ತನ್ನ ಒದ್ದೆ ಕೈ ಎತ್ತಿ ಬಳೆ ಝಲ್ಲೆನ್ನಿಸಿದಳು. ಆಗ ನನ್ನ ಗಂಟಲೊಳಗಿಂದ ಅದು ತಾನಾಗಿ ಬಂತು. "ಅಕ್ಕೋ, ಒಲೆ ಮ್ಯಾಲೆ ಏನೈತೆ?"

"ಬಾರೇ" ಎಂದಳು ಅಮ್ಮ, ಬಾಗಿಲ ಕಡೆ ತಿರುಗಿ. "ನಿನ್ ಪಾಲು..."

ಅಷ್ಟಕ್ಕೇ ನಿಲ್ಲಿಸಿದಳು. ಸರವನ್ನು ಅರಿಸಿನದ ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿದಳು, ಯಾರಿಗೋ ಒಬ್ಬರಿಗೆ.